ಕೆಂಪು ಎನ್ನದೆ ಕಳೆದ ಎರಡು ತಿಂಗಳು

ಮೂವತ್ತಾರು ವರ್ಷ ಏನು ಮಾಡಿದಿರಿ ಎಂದು ಯಾರಾದರೂ ಕೇಳಿದರೆ, ಬಸುರಿಯರ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ಒಳಗಿನ ಬಣ್ಣ ನೋಡಿದೆ ಎನ್ನುತ್ತೇನೆ. ನಾಲಿಗೆ ನೋಡಿದೆ, ಉಗುರು ನೋಡಿದೆ, ಅಂಗೈ ನೋಡಿದೆ. ಲಸಿಕೆ ಹಾಕಿದ್ದು, ಹೆರಿಗೆ ಮಾಡಿಸಿದ್ದು, ರಿಜಿಸ್ಟರ್ ಬರೆದು ಬರೆದು ಬೆರಳು ಸವೆಸಿಕೊಂಡದ್ದು ಎಲ್ಲ ಇದ್ದೇ ಇತ್ತು. ಆದರೆ ಹಳ್ಳಿಯ ನರ್ಸಿನ ಕೆಲಸದ ಬುಡ ಬಣ್ಣ ನೋಡುವುದು. ಈಗ ಹೊಸದಾಗಿ ಸೇರುವ ಹುಡುಗಿಯರ ಕೈಯಲ್ಲಿ ಪುಟ್ಟ ಯಂತ್ರ ಇರುತ್ತದೆ, ಒಂದು ಹನಿ ರಕ್ತ ಇಟ್ಟರೆ ಅಂಕಿ ತೋರಿಸುತ್ತದೆ. ಒಳ್ಳೆಯದೇ ಆಯಿತು. ಆದರೆ ಆ ಯಂತ್ರ ತೋರಿಸದ ಒಂದು ಸಂಗತಿ ಇದೆ. ಅದು ನನ್ನ ತಲೆಗೆ ಹೋಗಲು ನಿವೃತ್ತಿಯ ವರ್ಷವೇ ಬರಬೇಕಾಯಿತು, ಅದಕ್ಕೇ ಬರೆದಿಡುತ್ತಿದ್ದೇನೆ. ಬಡ್ತಿ, ಸನ್ಮಾನ, ಶಾಲು ಹೊದಿಸಿದ ಫೋಟೋ ಎಲ್ಲ ನಮ್ಮ ಮನೆಯ ಗೋಡೆಯ ಮೇಲಿವೆ. ಬೇಕಾದವರು ಬಂದು ನೋಡಿ ಚಹಾ ಕುಡಿದು ಹೋಗಬಹುದು.

ನಾನು ನವಲಗುಂದದ ಕಡೆಯವಳು. ಎರೆಭೂಮಿ. ಕಣ್ಣು ಹಾಯಿಸಿದಷ್ಟು ದೂರ ಕರಿ ಹೊಲ, ಮೇಲೆ ಬೆಳ್ಳನೆಯ ಆಕಾಶ, ನಡುವೆ ಎಲ್ಲೋ ಒಂದು ಬೇವಿನ ಮರ. ಹೆಸರು ಶಾಂತಾ. ಹೆಸರಲ್ಲಿ ಮಾತ್ರ ಶಾಂತಿ, ಬಾಯಿ ಜೋರು ಎಂದು ನನ್ನ ಜೊತೆ ಕೆಲಸ ಮಾಡಿದವರೆಲ್ಲ ಒಪ್ಪುತ್ತಾರೆ. ಇಪ್ಪತ್ತಮೂರನೆಯ ವಯಸ್ಸಿಗೆ ನನ್ನನ್ನು ಸೊರಬ ತಾಲೂಕಿನಲ್ಲಿ, ಚಂದ್ರಗುತ್ತಿಯ ಕಡೆ ಇದ್ದ ಒಂದು ಉಪಕೇಂದ್ರಕ್ಕೆ ಹಾಕಿದರು. ನಾನು ಬಸ್ಸಿಳಿದದ್ದು ಆಷಾಢದಲ್ಲಿ. ನೆಲ ಹಸಿರು, ಗೋಡೆಯ ಪಾಚಿ ಹಸಿರು, ಕೆರೆಯ ನೀರು ಹಸಿರು, ಮನೆಯೊಳಗೆ ಬೀಳುವ ಬೆಳಕು ಕೂಡ ಹಸಿರು. ಪುಣ್ಯ ಮಾಡಿದ್ದೀಯ, ಕಣ್ಣಿಗೆ ತಂಪು ಎಂದು ಎಲ್ಲರೂ ಹೇಳುತ್ತಿದ್ದರು. ನನಗೆ ಉಸಿರು ಕಟ್ಟುತ್ತಿತ್ತು. ಹತ್ತು ಹೆಜ್ಜೆಯಾಚೆ ಏನಿದೆ ಎಂದು ಕಾಣುವುದಿಲ್ಲ. ನಮ್ಮೂರಲ್ಲಾದರೆ ಬರುವ ನೆಂಟರು ಅರ್ಧ ಗಂಟೆ ಮೊದಲೇ ಹೊಲದಾಚೆ ಕಾಣುತ್ತಾರೆ, ಒಲೆ ಹೊತ್ತಿಸಿ ಚಹಾಕ್ಕೆ ಇಡಲು ಪುರಸೊತ್ತು ಸಿಗುತ್ತದೆ. ಮೊದಲ ತಿಂಗಳೆಲ್ಲ ಅತ್ತೆ. ತವರು ಬಿಟ್ಟ ದುಃಖಕ್ಕೆ ಅಳುತ್ತಾಳೆ ಎಂದು ಜನ ತಿಳಿದರು. ಹಸಿರಿಗೆ ಹೆದರಿ ಅಳುತ್ತೇನೆ ಎಂದು ಯಾರ ಮುಂದೆ ಹೇಳಲಿ? ಹೇಳಿದ್ದರೆ ತಲೆ ಕೆಟ್ಟಿದೆ ಅನ್ನುತ್ತಿದ್ದರು.

ಅದರ ಮೇಲೆ ನನ್ನದೇ ಇನ್ನೊಂದು ಬಣ್ಣದ ಫಜೀತಿ. ಆಗ ನಮಗೆ ಬಿಳಿ ಸೀರೆಯ ಸಮವಸ್ತ್ರ. ಒಂದು ಮನೆಗೆ ಬಸುರಿಯನ್ನು ನೋಡಲು ಹೋದೆ. ಅಂದು ಅವಳಿಗೆ ಬಳೆ ತೊಡಿಸುವ ಶಾಸ್ತ್ರ ಇತ್ತಂತೆ, ನನಗೇನು ಗೊತ್ತು. ಬಾಗಿಲಲ್ಲಿ ಕೂತಿದ್ದ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಂಚೂರು ಆಚೆ ನಿಂತುಕೋ ಮಾರಾಯ್ತಿ, ಶಾಸ್ತ್ರ ಮುಗಿಯಲಿ ಎಂದಳು. ಬಿಳಿ ಸೀರೆ ಕಂಡು ಗಂಡ ಸತ್ತವಳು ಎಂದು ತಿಳಿದಿದ್ದಳು. ನನಗಿನ್ನೂ ಮದುವೆಯೇ ಆಗಿರಲಿಲ್ಲ! ನಾನು ಬಿಡುತ್ತೇನೆಯೇ, ಬೀದಿಗೆ ಕೇಳುವ ಹಾಗೆ ಜಗಳ ಮಾಡಿಕೊಂಡು ಬಂದೆ. ಮರುದಿನ ನನ್ನ ಮೇಲಿನ ಹಿರಿಯ ಆರೋಗ್ಯ ಸಹಾಯಕಿ ಸರೋಜಮ್ಮ ಉಪಕೇಂದ್ರಕ್ಕೆ ಬಂದರು. ಬೈಯುತ್ತಾರೆ ಎಂದು ನಿಂತಿದ್ದೆ. ಅವರು ಚೀಲದಿಂದ ಹೂವಿನ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು.

"ಸೀರೆ ಸರ್ಕಾರದ್ದು. ತಲೆ ನಿಂದೇ ಅಲ್ದನೇ? ಒಂದು ಅಬ್ಬಲಿಗೆ ದಂಡೆ ಮುಡ್ಕಂಡು ಹೋಗು, ಯಾರೂ ಬಾಗ್ಲಲ್ಲಿ ನಿಲ್ಸಲ್ಲ" ಅಂದರು.

ಹಾಗೇ ಆಯಿತು. ಕೇಸರಿ ಬಣ್ಣದ ಒಂದು ಮೊಳ ಅಬ್ಬಲಿಗೆ ನನಗೆ ಮೂವತ್ತು ಮನೆಗಳ ಬಾಗಿಲು ತೆರೆಯಿತು. ಅದೇ ಅಜ್ಜಿ ಮುಂದೆ ನನಗೆ ಗಂಡು ಹುಡುಕಲೂ ಹೊರಟಿದ್ದಳು.

ಸರೋಜಮ್ಮ ನನ್ನ ಇನ್ನೊಂದು ತಪ್ಪನ್ನೂ ಹಿಡಿದರು, ಅದು ಇಷ್ಟು ಸುಲಭದ್ದಲ್ಲ. ಆಗ ರಕ್ತ ನೋಡುವ ರೀತಿ ಬೇರೆ. ಬೆರಳು ಚುಚ್ಚಿ ತೆಗೆದ ರಕ್ತವನ್ನು ಗಾಜಿನ ಕೊಳವೆಯ ಆಮ್ಲದಲ್ಲಿ ಬೆರೆಸಿದರೆ ಕಂದು ಬಣ್ಣವಾಗುತ್ತದೆ. ಅದಕ್ಕೆ ಹನಿ ಹನಿಯಾಗಿ ನೀರು ಹಾಕುತ್ತ, ಪಕ್ಕದಲ್ಲಿರುವ ಗಾಜಿನ ಕಡ್ಡಿಯ ಬಣ್ಣಕ್ಕೆ ಸರಿಹೊಂದುವವರೆಗೆ ಹೋಲಿಸಬೇಕು. ಎಷ್ಟು ನೀರು ಹಿಡಿಸಿತೋ ಅದು ಲೆಕ್ಕ. ಎಲ್ಲ ಕಣ್ಣಿನ ಮೇಲೆಯೇ ನಿಂತ ಕೆಲಸ. ಮಳೆ ಬರುತ್ತಿದೆ ಎಂದು ನಾನು ಒಬ್ಬ ಬಸುರಿಯ ರಕ್ತವನ್ನು ಅವರ ಮನೆಯ ಜಗಲಿಯಲ್ಲೇ, ಮರದೆಲೆಯ ಹಸಿರು ಬೆಳಕಿನಲ್ಲಿ ನೋಡಿ, ಅಡ್ಡಿಯಿಲ್ಲ ಎಂದು ಬರೆದುಬಿಟ್ಟೆ. ನಾಲ್ಕು ದಿನದ ಮೇಲೆ ಸರೋಜಮ್ಮ ಅದೇ ಹೆಂಗಸನ್ನು ಅಂಗಳದ ಬಿಸಿಲಿಗೆ ಕರೆದು, ರೆಪ್ಪೆ ಎಳೆದು ನನಗೆ ತೋರಿಸಿದರು. ಒಳಗೆ ಹತ್ತಿಯ ಹಾಗೆ ಬೆಳ್ಳಗಿತ್ತು. ಆ ಹೆಂಗಸನ್ನು ಶಿವಮೊಗ್ಗಕ್ಕೆ ಕಳಿಸಿ, ರಕ್ತ ಹಾಕಿಸಿ, ತಾಯಿ ಮಗು ಉಳಿದರು. ಆ ದಿನದಿಂದ ನಾನು ಯಾರನ್ನೂ ಮನೆಯೊಳಗೆ ಕೂರಿಸಿ ನೋಡಲಿಲ್ಲ, ಎಲ್ಲರೂ ಅಂಗಳಕ್ಕೆ ಬರಬೇಕು.

ಹದಿನಾಲ್ಕು ವರ್ಷದ ಮೇಲೆ ಶಿಕಾರಿಪುರ ತಾಲೂಕಿಗೆ ವರ್ಗವಾಯಿತು. ಬಳ್ಳಿಗಾವಿ, ಬಂದಳಿಕೆಯ ಸುತ್ತಿನ ಹಳ್ಳಿಗಳು ನನ್ನ ಪಾಲಿಗೆ ಬಂದವು. ಅಲ್ಲಿ ಕಣ್ಣಿಗೆ ಮತ್ತೆ ದೂರ ಸಿಕ್ಕಿತು. ಕೆರೆ, ಗದ್ದೆ, ಜೋಳದ ಹೊಲ, ಉತ್ತಾಗ ಕುಂಕುಮ ಚೆಲ್ಲಿದಂತೆ ಕಾಣುವ ಮಣ್ಣು. ನಾನು ಅಲ್ಲೇ ಬೇರು ಬಿಟ್ಟೆ, ನಿವೃತ್ತಿಯಾದ ಮೇಲೂ ಇಲ್ಲೇ ಇದ್ದೇನೆ.

ಆ ಮಣ್ಣು ನನಗೊಂದು ಉಪಾಯವನ್ನೂ ಕೊಟ್ಟಿತು. ಬಸುರಿಯರಿಗೆ ನಾವು ಕೊಡುವ ಕಬ್ಬಿಣಾಂಶದ ಮಾತ್ರೆ ಕೆಂಪು ಬಣ್ಣದ್ದು. ಅದನ್ನು ನುಂಗಿದರೆ ಹುಟ್ಟುವ ಮಗು ಕಪ್ಪಾಗುತ್ತದೆ ಎಂದು ಅತ್ತೆಯಂದಿರು ನಂಬಿದ್ದರು. ನಾನು ಎಷ್ಟು ಕೂಗಿದರೂ ಗೋಡೆಗೆ ಹೇಳಿದ ಹಾಗೆ. ಒಮ್ಮೆ ಒಬ್ಬ ಬಸುರಿ ಸೆರಗಿನಲ್ಲಿ ಮಣ್ಣಿನ ಹೆಂಟೆ ಬಚ್ಚಿಟ್ಟುಕೊಂಡು ತಿನ್ನುವುದನ್ನು ಕಂಡೆ. ಬಯಕೆಯಲ್ಲಿ ಮಣ್ಣು ತಿನ್ನುವವರು ಈ ಕಡೆ ಬೇಕಾದಷ್ಟು. ಥಟ್ಟನೆ ಹೊಳೆಯಿತು. ನಿಮ್ಮೂರ ಮಣ್ಣು ಯಾಕವ್ವಾ ಕೆಂಪಗಿದೆ, ಅದರಲ್ಲಿ ಕಬ್ಬಿಣ ಇದೆ. ಈ ಮಾತ್ರೆ ಯಾಕೆ ಕೆಂಪಗಿದೆ, ಇದರಲ್ಲೂ ಅದೇ ಇದೆ. ಕದ್ದು ಮಣ್ಣು ತಿನ್ನುವ ಬದಲು ಇದನ್ನೇ ತಿನ್ನು, ಊರ ಮಣ್ಣಿನ ಸತ್ವ! ಹೀಗೆ ಹೇಳಿದ್ದೇ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು, ನಕ್ಕವರು ನುಂಗಿದರು. ತಾವು ಉತ್ತು ಬಿತ್ತುವ ಮಣ್ಣು ಎಂದರೆ ಅವರಿಗೆ ಯಾಕೆ ಭಯ? ಮಾತ್ರೆಯ ಬಣ್ಣ ಬೇರೆಯದರಿಂದ ಬರುತ್ತದೆ ಎಂದು ಗೊತ್ತಿದ್ದೂ ಹೇಳುತ್ತಿದ್ದೆ. ತಾಲೂಕು ಸಭೆಗಳಲ್ಲಿ ಡಾಕ್ಟರುಗಳು ನನ್ನ ಬಾಯಲ್ಲಿ ಅದನ್ನು ಹೇಳಿಸಿ ಬೇರೆ ನರ್ಸುಗಳಿಗೆ ಕಲಿಸಿದರು. ನಾನೂ ಹಿಗ್ಗಿದೆ. ಇಪ್ಪತ್ತು ವರ್ಷ ಆ ಮಾತಿನ ಮೇಲೆ ಬದುಕಿದೆ ಎನ್ನಿ.

ನನ್ನ ಕೊನೆಯ ವರ್ಷ ಅದು. ಈ ಕಡೆ ಈಗ ಶುಂಠಿ ಬೆಳೆಯುವವರು ಹೆಚ್ಚು, ಶುಂಠಿ ಹೊಲದ ಕೆಲಸಕ್ಕೆ ದೂರ ದೂರದಿಂದ ಜನ ಬರುತ್ತಾರೆ. ಬಂದಳಿಕೆಗೆ ಹೋಗುವ ದಾರಿಯಲ್ಲಿ ಗೌರಮ್ಮ ಎನ್ನುವವರ ಹೊಲ. ದೊಡ್ಡ ಮನೆತನ, ಧಾರಾಳ ಕೈಯ ಹೆಂಗಸು. ಅವರ ಹೊಲದ ತಗಡಿನ ಶೆಡ್ಡಿನಲ್ಲಿ ಅಸ್ಸಾಮಿನ ಗಂಡ ಹೆಂಡತಿ ಬಂದಿದ್ದಾರೆ, ಹೆಂಡತಿ ಬಸುರಿ ಎಂದು ನಮ್ಮ ಆಶಾ ಕಾರ್ಯಕರ್ತೆ ಗಿರಿಜಾ ಸುದ್ದಿ ತಂದಳು. ಗಿರಿಜಾ ಅದೇ ಊರಿನ ರೈತರ ಮನೆಯ ಸೊಸೆ, ಅವಳ ಕಣ್ಣು ತಪ್ಪಿಸಿ ಊರಲ್ಲಿ ಒಂದು ಬೆಕ್ಕೂ ಮರಿ ಹಾಕುವುದಿಲ್ಲ.

ಹೆಂಡತಿಯ ಹೆಸರು ರೂಪಾಲಿ, ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸು. ಗಂಡ ದೀಪೇನ್ ಆಗಲೇ ಎರಡು ವರ್ಷ ಈ ಕಡೆ ದುಡಿದು ಹರುಕು ಮುರುಕು ಕನ್ನಡ ಕಲಿತಿದ್ದ. ಅವಳು ಮೊದಲ ಸಲ ಬಂದವಳು, ಐದನೇ ತಿಂಗಳು. ನನ್ನ ಹಿಂದಿ ಎಂದರೆ ದೇವರಿಗೇ ಪ್ರೀತಿ. ಆದರೂ ಅಂಗಳದಲ್ಲಿ ಕೂರಿಸಿ, ರೆಪ್ಪೆ ಎಳೆದು, ಬೆರಳು ಚುಚ್ಚಿ ಯಂತ್ರಕ್ಕೆ ಹಾಕಿದೆ. ಒಂಬತ್ತು ತೋರಿಸಿತು. ಕಡಿಮೆ, ಆದರೆ ಮಾತ್ರೆಯಿಂದ ಏರಿಸಬಹುದು. ತಾಯಿ ಕಾರ್ಡ್ ಬರೆದೆ, ಮಾತ್ರೆ ಕೊಟ್ಟೆ, ನನ್ನ ಹೆಮ್ಮೆಯ ಮಾತನ್ನು ಅವಳಿಗೂ ಹೇಳಿದೆ. ಇಧರ್ ಕಾ ಮಿಟ್ಟಿ, ಲಾಲ್ ಮಿಟ್ಟಿ, ಇಸ್ ಮೇ ವಹಿ ಹೈ ಎಂದು ಕೈಯಲ್ಲಿ ಹೊಲ ತೋರಿಸಿ, ಮಾತ್ರೆ ತೋರಿಸಿ, ಅವಳ ಹೊಟ್ಟೆ ತೋರಿಸಿದೆ. ನಮ್ಮ ಹೆಂಗಸರು ಈ ಜಾಗದಲ್ಲಿ ನಗುತ್ತಾರೆ. ಅವಳು ನಗಲಿಲ್ಲ. ಹಿಂದಿ ತಿಳಿಯಲಿಲ್ಲವೇನೋ ಅಂದುಕೊಂಡು ಬಂದೆ.

ಮುಂದಿನ ತಿಂಗಳು ಹೋದಾಗ ಮಾತ್ರೆಯ ಖಾಲಿ ಹಾಳೆಗಳನ್ನು ಅವಳೇ ತಂದು ತೋರಿಸಿದಳು. ಒಂದೂ ಉಳಿದಿರಲಿಲ್ಲ. ರಕ್ತ ನೋಡಿದರೆ ಎಂಟು. ಅದರ ಮುಂದಿನ ತಿಂಗಳು ಏಳೂ ಚಿಲ್ಲರೆ. ಹುಳದ ಔಷಧಿ ಕೊಟ್ಟಾಗಿತ್ತು, ಸೊಪ್ಪು ಕಾಳು ತಿನ್ನುತ್ತಿದ್ದಳು. ನನಗೆ ತಲೆ ಕೆಟ್ಟಿತು. ಯಂತ್ರವೇ ಕೆಟ್ಟಿದೆ ಎಂದು ಗಿರಿಜಾಳ ಬೆರಳು ಚುಚ್ಚಿ ನೋಡಿದೆ, ಅವಳಿಗೆ ಹನ್ನೆರಡು. ಯಂತ್ರ ಸರಿಯಾಗಿಯೇ ಇತ್ತು. ಆ ಹೊತ್ತಿಗೆ ಶೆಡ್ಡಿನ ಹಿಂದೆ ಹೋಗಿದ್ದ ಗಿರಿಜಾ ನನ್ನನ್ನು ಕರೆದಳು.

"ಸಿಸ್ಟರ್ರೇ, ಒಂದ್ನಿಮಿಷ ಬರ್ರೀ ಇಲ್ಲಿ. ಇದೇನು ಬಿತ್ತ್ಯಾಳೆ ನೋಡ್ರಿ."

ಶುಂಠಿ ಹಾಕಿದ ಏರುಮಡಿಯ ಅಂಚಿನಲ್ಲಿ, ಮಳೆಗೆ ಮಣ್ಣು ಸರಿದ ಕಡೆ, ಸಾಲಾಗಿ ಮಾತ್ರೆಗಳು. ಕೆಲವು ಕರಗಿ ಮಣ್ಣಿನಲ್ಲಿ ಬೆರೆತಿದ್ದವು, ಕೆಲವು ಇನ್ನೂ ದುಂಡಗೆ ಇದ್ದವು. ಕಾಳು ಊರಿದ ಹಾಗೆ ಅಚ್ಚುಕಟ್ಟಾಗಿ ಊರಿದ್ದಳು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎರಡು ತಿಂಗಳು ನನ್ನ ಕಣ್ಣಿಗೆ ಮಣ್ಣು ಹಾಕಿದ್ದಳಲ್ಲ. ಕನ್ನಡದಲ್ಲೇ ಬೈದೆ, ಬೈಗುಳಕ್ಕೆ ಯಾವ ಭಾಷೆಯಾದರೇನು. ಅವಳು ಗೋಡೆಗೆ ಒರಗಿ ನಿಂತು ತುಟಿ ಕಚ್ಚಿಕೊಂಡಿದ್ದಳು. ದೀಪೇನ್ ಓಡಿ ಬಂದ. ಮುಂದಿನ ವಾರ ಅವಳನ್ನು ಊರಿಗೆ ಕರೆದುಕೊಂಡು ಹೋಗುತ್ತೇನೆ, ಟಿಕೆಟ್ ಆಗಿದೆ, ಇಲ್ಲಿ ಅವಳಿಗೆ ಭಯ ಎಂದ. ನಾಲ್ಕು ದಿನದ ರೈಲು. ಏಳರ ರಕ್ತ ಇಟ್ಟುಕೊಂಡು, ಎಂಟನೇ ತಿಂಗಳ ಹೊಟ್ಟೆ ಹೊತ್ತು, ಆ ಡಬ್ಬಿಯಲ್ಲಿ ನಾಲ್ಕು ದಿನ. ದಾರಿಯಲ್ಲಿ ನೋವು ಬಂದು, ಒಂದಿಷ್ಟು ರಕ್ತ ಹೋದರೂ ಸಾಕು, ಆ ಜೀವ ಉಳಿಯುವುದಿಲ್ಲ. ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಭಯ ಎಂದರೆ ಏನು ಭಯ, ಯಾರ ಭಯ, ಸರಿಯಾಗಿ ಹೇಳಪ್ಪ ಎಂದು ಕೂತೆ.

ಅವನು ಹೇಳಿದ್ದನ್ನು ಜೋಡಿಸಿ ಬರೆಯುತ್ತೇನೆ. ಅವಳ ಊರು ದೊಡ್ಡ ನದಿಯ ದಡದಲ್ಲಿದೆ. ಅಲ್ಲಿ ಮಣ್ಣು ಬೂದು, ಮರಳು ಬಿಳಿ. ಹಿಂದಿನ ವರ್ಷ ಅವಳ ಮೊದಲ ಬಸಿರು ಐದನೇ ತಿಂಗಳಿಗೆ ರಕ್ತವಾಗಿ ಹೋಗಿತ್ತು. ಎರಡನೆಯದು ನಿಂತ ಮೇಲೆ ಗಂಡನ ಜೊತೆಗೇ ಇರಬೇಕೆಂದು ಇಲ್ಲಿಗೆ ಬಂದಳು. ಬಂದ ದಿನವೇ ಗೌರಮ್ಮ, ಬಸುರಿ ಹೆಂಗಸು ಮೊದಲ ಸಲ ನಮ್ಮ ಹೊಲಕ್ಕೆ ಕಾಲಿಡುತ್ತಾಳೆ ಎಂದು, ಅರಿಶಿನಕ್ಕೆ ಸುಣ್ಣ ಕಲಸಿದ ಓಕುಳಿ ನೀರನ್ನು ತಟ್ಟೆಯಲ್ಲಿ ತಂದು, ಅವಳ ಮುಖದ ಸುತ್ತ ನಿವಾಳಿಸಿ, ಕಾಲ ಬುಡದಲ್ಲಿ ಚೆಲ್ಲಿದರು. ನಮ್ಮಲ್ಲಿ ಮದುಮಕ್ಕಳಿಗೆ, ಬಾಣಂತಿಗೆ, ದೂರದಿಂದ ಬಂದವರಿಗೆ ದೃಷ್ಟಿ ತಾಗದಿರಲಿ ಎಂದು ಮಾಡುವುದು. ಅವಳ ಕಡೆ ಹಾಗೆ ಮಾಡುವುದಿಲ್ಲವಂತೆ. ಅವಳಿಗೆ ಕಂಡದ್ದು ತನ್ನ ಪಾದದ ಹತ್ತಿರ ಹರಿದ ಕೆಂಪು. ಅದಾದ ಮೇಲೆ ಒಂದು ಮಧ್ಯಾಹ್ನ ಮೊದಲ ದೊಡ್ಡ ಮಳೆ. ಹೊಸದಾಗಿ ಅಗೆದ ಏರುಮಡಿಗಳ ನೀರು ಶೆಡ್ಡಿನೊಳಗೆ ನುಗ್ಗಿತು. ಚಾಪೆಯ ಮೇಲೆ ಮಲಗಿದ್ದವಳು ಎಚ್ಚರಾಗಿ ನೋಡಿದರೆ ಸೀರೆಯೆಲ್ಲ ಒದ್ದೆ, ಒದ್ದೆಯೆಲ್ಲ ಕೆಂಪು. ತನ್ನದೇ ಹೋಯಿತು ಎಂದು ಚೀರಿದಳಂತೆ. ಮಣ್ಣಿನ ನೀರು ಎಂದು ಗಂಡ ಎಷ್ಟು ಹೇಳಿದರೂ ಆ ದಿನದಿಂದ ಕಾಲು ಕೆಳಗಿಡಲು ಅಳುಕುತ್ತಾಳೆ. ಹೀಗಿರುವಾಗ ನಾನು ಬಂದೆ, ಮಹಾ ಬುದ್ಧಿವಂತೆ. ಈ ಮಾತ್ರೆಯಲ್ಲಿ ಇರುವುದು ಇದೇ ಮಣ್ಣು, ಇದನ್ನು ನುಂಗು, ಇದು ನಿನ್ನ ಹೊಟ್ಟೆಗೆ ಹೋಗುತ್ತದೆ ಎಂದೆ. ಮೋಸ ಮಾಡಬೇಕೆಂದು ಅವಳು ಊರಿದ್ದಲ್ಲ. ಮಣ್ಣಿನದು ಮಣ್ಣಿಗೆ ಹೋಗಲಿ, ನನ್ನನ್ನು ಬಿಡಲಿ ಎಂದು ದಿನಾ ಒಂದೊಂದನ್ನು ಕೈಮುಗಿದು ಊರುತ್ತಿದ್ದಳಂತೆ.

ಇಪ್ಪತ್ತು ವರ್ಷ ಚಪ್ಪಾಳೆ ಗಿಟ್ಟಿಸಿದ ಮಾತು ಈ ಹುಡುಗಿಯ ಮೈಯಿಂದ ತಿಂಗಳಿಗೊಂದು ಅಂಕಿ ಕಿತ್ತುಕೊಂಡಿತ್ತು. ಸುದ್ದಿ ಕೇಳಿ ಬಂದ ಗೌರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಒಳ್ಳೇದಾಗ್ಲಿ ಅಂತ ಮಾಡಿದ್ದೆನಲ್ಲ ಶಿವನೇ ಎಂದು ಅಲ್ಲೇ ಕೂತರು. ನಾವಿಬ್ಬರೂ ಒಂದೇ ದೋಣಿಯಲ್ಲಿದ್ದೆವು. ನಾನು ದೀಪೇನನನ್ನು ಬೇಡಿಕೊಂಡೆ, ಹೌದು, ಬೇಡಿಕೊಂಡೆ, ಟಿಕೆಟ್ಟನ್ನು ಮುಂದಕ್ಕೆ ಹಾಕು, ನನಗೆ ಹದಿನೈದು ದಿನ ಕೊಡು ಎಂದು. ಅವಳು ಒಪ್ಪಿದರೆ ಕೊಡುತ್ತೇನೆ ಎಂದ.

ಭಾನುವಾರ ಅವಳು ಎಲ್ಲಿ ಸಿಗುತ್ತಾಳೆ ಎಂದು ಗಿರಿಜಾಗೆ ಗೊತ್ತಿತ್ತು. ಬಂದಳಿಕೆಯ ಹಳೆಯ ದೇವಸ್ಥಾನಗಳ ಹತ್ತಿರ. ರಜೆಯ ದಿನವೆಲ್ಲ ಅಲ್ಲಿ ಹೋಗಿ ಕಲ್ಲಿನ ಮೇಲೆ ಕೂತಿರುತ್ತಾಳೆ, ಭಕ್ತಿ ಜಾಸ್ತಿ ಎಂದು ಊರವರು ತಿಳಿದಿದ್ದರು. ನಾನೂ ಹೋದೆ. ಬಿದ್ದ ಕಂಬಗಳ ನಡುವೆ, ಚಪ್ಪಲಿ ಬಿಚ್ಚಿಟ್ಟು, ಬರಿಗಾಲನ್ನು ಬೂದು ಬಣ್ಣದ ಕಲ್ಲಿನ ಮೇಲೆ ಹರವಿ ಕೂತಿದ್ದಳು. ಆ ಕಲ್ಲಿನ ಬಣ್ಣ ನೋಡಿದ ಕೂಡಲೇ ನನಗೆ ಅರ್ಥವಾಯಿತು. ಈ ಸೀಮೆಯಲ್ಲಿ ಅವಳಿಗೆ ಅವಳ ನದಿ ದಡ ಸಿಕ್ಕಿದ್ದು ಅದೊಂದೇ ಜಾಗದಲ್ಲಿ.

ಮಾತ್ರೆಯ ಸುದ್ದಿ ಎತ್ತಲಿಲ್ಲ. ಪಕ್ಕದಲ್ಲಿ ಕೂತು, ನನ್ನ ದರಿದ್ರ ಹಿಂದಿಯಲ್ಲಿ, ಯಾರಿಗೂ ಹೇಳದ ನನ್ನ ಸೊರಬದ ಕಥೆ ಹೇಳಿದೆ. ನಮ್ಮೂರ ನೆಲ ಕಪ್ಪು, ಅಲ್ಲಿಂದ ಹಸಿರಿಗೆ ಬಂದೆ, ಹಸಿರು ಕಂಡು ಒಂದು ತಿಂಗಳು ಅತ್ತೆ ಎಂದೆ. ಅವಳು ನನ್ನನ್ನೇ ನೋಡಿದಳು. ಹಸಿರಿಗೆ? ಅಂದಳು. ಹೂಂ, ಹಸಿರಿಗೆ. ಎಲೆಗೆ? ಹೂಂ, ಎಲೆಗೆ. ಅವಳಿಗೆ ನಗು ಬಂತು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಎರಡು ತಿಂಗಳಲ್ಲಿ ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಎಲೆಗೆ ಹೆದರುವವಳು ಸಿಕ್ಕಿದ ಮೇಲೆ ಅವಳಿಗೂ ಬಾಯಿ ಬಂತು. ಮಳೆಯ ದಿನದ ಕಥೆಯನ್ನು ತಾನೇ ಹೇಳಿದಳು, ಹೇಳುತ್ತ ಅತ್ತಳು. ನಾನೂ ಅತ್ತೆ. ತಪ್ಪು ನನ್ನದು ಎಂದೆ.

ಅವಳ ಹೆಗಲ ಮೇಲೆ ಅವರ ಕಡೆಯ ಒಂದು ವಸ್ತ್ರ ಇತ್ತು, ಗಮೋಸಾ ಅನ್ನುತ್ತಾರೆ. ಬಿಳಿ ಬಟ್ಟೆ, ಅಂಚಿನಲ್ಲಿ ಕೆಂಪು ನೇಯ್ಗೆಯ ಹೂವು. ಅವಳ ತಾಯಿ ನೇಯ್ದದ್ದು. ಇದೂ ಅದೇ ಬಣ್ಣ ಅಲ್ಲವೇನೇ, ಇದಕ್ಕೆ ಹೆದರಿಕೆ ಇಲ್ಲವೇ ಎಂದು ಕೇಳಿದೆ. ಅವಳು ಬಟ್ಟೆಯನ್ನು ಸವರಿ, ಇದು ಬಿಳಿಯ ಮೇಲಿದೆ, ಇದ್ದ ಜಾಗದಲ್ಲೇ ಇರುತ್ತದೆ, ಹರಿಯುವುದಿಲ್ಲ ಎಂದಳು. ಓದು ಬರಹ ಹೆಚ್ಚಿಲ್ಲದ ಹುಡುಗಿ, ಎಷ್ಟು ಸರಿಯಾಗಿ ಹೇಳಿದಳು ನೋಡಿ.

ಅಲ್ಲೇ ಒಪ್ಪಂದವಾಯಿತು. ಮಾತ್ರೆ ಬೇಡ. ಬಾಟಲಿಯಲ್ಲಿ ಔಷಧಿ ಹಾಕಿಸೋಣ, ಬಾಟಲಿ ನಿನ್ನ ಕಣ್ಣಿಗೆ ಬೀಳದ ಹಾಗೆ ನಿನ್ನ ಅಮ್ಮನ ಬಟ್ಟೆ ಸುತ್ತೋಣ. ಮತ್ತೆ ಆ ಬಣ್ಣದ ಹೆಸರನ್ನು ನಾವ್ಯಾರೂ ನಿನ್ನ ಮುಂದೆ ಎತ್ತುವುದಿಲ್ಲ. ಅವಳು ಮೂರಕ್ಕೂ ತಲೆಯಾಡಿಸಿದಳು.

ನಮ್ಮ ಆರೋಗ್ಯ ಕೇಂದ್ರದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ನನ್ನ ಮಗಳಿಗಿಂತ ಚಿಕ್ಕವರು. ರಕ್ತಕ್ಕೆ ಕಬ್ಬಿಣ ಸೇರಿಸುವ ಆ ಔಷಧಿ ಕಂದುಗೆಂಪು, ಕೊಳವೆಯಲ್ಲಿ ಇಳಿಯುವುದು ಕಾಣುತ್ತದೆ. ನಾನು ಬಟ್ಟೆ ಸುತ್ತುವ ವಿಷಯ ಹೇಳಿದಾಗ ಅವರು ಹುಬ್ಬೇರಿಸಿದರು. "ಹನಿ ಎಣಿಸಬೇಕಲ್ಲ ಸಿಸ್ಟರ್. ಕಾಣದೆ ಇದ್ರೆ ಹೇಗೆ?" ಅಂದರು. ನ್ಯಾಯವಾದ ಮಾತು. ಗಿರಿಜಾ ಬಟ್ಟೆಯನ್ನು ಬಾಟಲಿಗೂ ಕೊಳವೆಗೂ ಸುತ್ತಿ, ಹನಿ ಬೀಳುವ ಕಡೆ ಎರಡು ಬೆರಳಿನಷ್ಟು ಸಂದು ಬಿಟ್ಟು, ಆ ಸಂದು ನನ್ನ ಕಡೆಗೆ ಇರುವಂತೆ ಪಿನ್ ಹಾಕಿದಳು. ರೂಪಾಲಿಗೆ ಕಾಣುವುದು ಅಮ್ಮನ ಬಟ್ಟೆ, ನನಗೆ ಕಾಣುವುದು ಹನಿ. ಡಾಕ್ಟರಮ್ಮ ಸುತ್ತ ಒಂದು ಸಲ ಬಂದು ನೋಡಿ, ಸರಿ ಎಂದರು. ದಿನ ಬಿಟ್ಟು ದಿನ ಐದು ಸಲ ಹಾಕಿದೆವು. ಐದು ಸಲವೂ ಡಾಕ್ಟರಮ್ಮ ಪಕ್ಕದ ಕೋಣೆಗೆ ಹೋಗಲಿಲ್ಲ.

ಔಷಧಿ ಸುಲಭ, ನಾಲಿಗೆ ಕಷ್ಟ. ಅವಳು ಹಿಂದಿಯ ಲಾಲ್ ಅನ್ನು ಬಲ್ಲಳು, ಹೊಲದಲ್ಲಿ ಕೇಳಿ ಕೇಳಿ ಕನ್ನಡದ ಕೆಂಪನ್ನೂ ಕಲಿತಿದ್ದಳು. ಎರಡು ತಿಂಗಳು ನಾನು, ಗಿರಿಜಾ, ಗೌರಮ್ಮ ಮೂರೂ ಜನ ಆ ಮಾತು ಬಿಟ್ಟೆವು. ಬಿಟ್ಟ ಮೇಲೇ ಗೊತ್ತಾದದ್ದು, ದಿನಕ್ಕೆ ಎಷ್ಟು ಸಲ ಅದನ್ನು ಹೇಳುತ್ತೇವೆ ಎಂದು. ಕೆಂಪು ಬಸ್ಸು ಸರ್ಕಾರಿ ಬಸ್ಸಾಯಿತು. ಕೆಂಪಕ್ಕಿ ಹಳೇ ಅಕ್ಕಿಯಾಯಿತು. ಕೆಂಪಿರುವೆ ಕಚ್ಚಿದರೆ ಗಿರಿಜಾ, ಆ ಬಣ್ಣದ್ದು ಕಚ್ತು ನೋಡ್ರಿ ಅನ್ನುತ್ತಿದ್ದಳು. ಒಂದು ದಿನ ಕೆಂಚಮ್ಮ ಎನ್ನುವ ಹೆಂಗಸು ಬಿ.ಪಿ. ತೋರಿಸಲು ಬಂದು ರೂಪಾಲಿಯ ಪಕ್ಕ ಕೂತಿದ್ದರು. ಹೆಸರು ಕರೆಯಬೇಕಾದ ಗಿರಿಜಾ ಚೀಟಿ ನೋಡಿದಳು, ನನ್ನ ಮುಖ ನೋಡಿದಳು, ಕೊನೆಗೆ ಹೋಗಿ ಅವರ ಭುಜ ತಟ್ಟಿ, ನೀವೇ, ನೀವೇ ಬರ್ರಿ ಎಂದಳು. ನನಗೆ ಹೆಸರಿಲ್ವೇನೇ ಎಂದು ಕೆಂಚಮ್ಮ ರೇಗಿದರು. ಒಳಗೆ ಕರೆದು ವಿಷಯ ಹೇಳಿದೆ. ಆಮೇಲೆ ಅವರೂ ನಮ್ಮ ಪಕ್ಷ ಸೇರಿದರು. ಗೌರಮ್ಮ ಶೆಡ್ಡಿನ ಸುತ್ತ ಒಂದು ಟ್ರ್ಯಾಕ್ಟರ್ ಮರಳು ಹಾಕಿಸಿದರು, ಬಿಳಿ ಮರಳು. ರೂಪಾಲಿ ಅದರ ಮೇಲೆ ಬೆಳಿಗ್ಗೆ ಸಂಜೆ ತಿರುಗಾಡುತ್ತಿದ್ದಳು.

ರಕ್ತ ಎಂಟಕ್ಕೆ ಬಂತು, ಒಂಬತ್ತಕ್ಕೆ ಬಂತು, ಹತ್ತು ದಾಟಿತು. ಪ್ರತಿ ಸಲ ಅಂಕಿ ನೋಡಿದಾಗಲೂ ಹೊಟ್ಟೆಗೆ ಹಾಲು ಹೊಯ್ದ ಹಾಗಾಗುತ್ತಿತ್ತು. ಅಷ್ಟರಲ್ಲಿ ರೈಲಿನ ಮಾತು ತಾನಾಗಿ ನಿಂತುಹೋಗಿತ್ತು. ಅವಳಿಗೂ ಆ ಯಂತ್ರದ ಮೇಲೆ ನಂಬಿಕೆ ಬಂದು, ಎಷ್ಟು ಎಂದು ಮೊದಲು ತಾನೇ ಇಣುಕುತ್ತಿದ್ದಳು. ಆದರೂ ಮನಸ್ಸಿನ ಮೂಲೆಯಲ್ಲಿ ಹೆದರಿಕೆ ಇದ್ದೇ ಇತ್ತು, ಅವಳಿಗೂ ನನಗೂ. ಹೆರಿಗೆ ಎಂದರೆ ರಕ್ತ ಕಾಣದೆ ಆಗುವುದಿಲ್ಲವಲ್ಲ. ಆ ದಿನ ಏನು ಸುತ್ತಿ ಮುಚ್ಚಲಿ?

ನಾನು ನಿವೃತ್ತಳಾಗಲು ಹನ್ನೊಂದು ದಿನ ಉಳಿದಿತ್ತು. ಬೆಳಗಿನ ಜಾವ ನೋವು ಶುರುವಾಗಿ, ಒಂಬತ್ತು ಗಂಟೆಯ ಹೊತ್ತಿಗೆ ಶಿಕಾರಿಪುರದ ಆಸ್ಪತ್ರೆ ಸೇರಿದೆವು. ಭಾಷೆ ಬರುವವರು ಒಬ್ಬರು ಇರಲಿ ಎಂದು ಅಲ್ಲಿಯ ಡಾಕ್ಟರು ನನ್ನನ್ನೂ ಒಳಗೆ ಬಿಟ್ಟರು. ನನ್ನ ಹಿಂದಿಯನ್ನು ಭಾಷೆ ಎಂದು ಕರೆದವರು ಅವರೊಬ್ಬರೇ. ನಾನು ರೂಪಾಲಿಯ ತಲೆಯ ಹತ್ತಿರ ನಿಂತು, ಮುಖವನ್ನು ನನ್ನ ಕಡೆ ತಿರುಗಿಸಿಕೊಂಡೆ. ಅತ್ತ ನೋಡಬೇಡ, ನನ್ನನ್ನೇ ನೋಡು ಎಂದೆ. ಅವಳು ಗಟ್ಟಿಗಿತ್ತಿ. ಎರಡು ಗಂಟೆ ನನ್ನ ಮುಖ ಬಿಟ್ಟು ಬೇರೆ ನೋಡಲಿಲ್ಲ, ನನ್ನ ಮುಂಗೈಯಲ್ಲಿ ಅವಳ ಉಗುರಿನ ಗುರುತು ವಾರಗಟ್ಟಲೆ ಇತ್ತು.

ಹನ್ನೊಂದರ ಸುಮಾರಿಗೆ ಮಗು ಬಂತು. ಹೆಣ್ಣು. ಅಳಲಿಲ್ಲ.

ಹುಟ್ಟಿದ ಕೂಡಲೇ ಅಳದ ಮಕ್ಕಳನ್ನು ನಾನು ಎಷ್ಟೋ ಕಂಡಿದ್ದೇನೆ. ಆದರೂ ಆ ಹೊತ್ತಿನಲ್ಲಿ ನನ್ನ ಅನುಭವವೆಲ್ಲ ಎಲ್ಲಿ ಹೋಯಿತೋ. ಮಗು ನೀಲಿ ಇತ್ತು. ತುಟಿ ನೀಲಿ, ಕೈ ನೀಲಿ, ಕಾಲು ನೀಲಿ. ಡಾಕ್ಟರು ಬಾಯಿ ಶುಚಿ ಮಾಡಿ ಬೆನ್ನು ತಿಕ್ಕುತ್ತಿದ್ದರು. ರೂಪಾಲಿಗೆ ಅದು ಕಾಣುತ್ತಿರಲಿಲ್ಲ, ಕಾಣುತ್ತಿದ್ದದ್ದು ನನ್ನ ಮುಖ. ಅಳು ಕೇಳದೆ ಅವಳ ಕಣ್ಣು ಅಗಲವಾಯಿತು.

"ರಂಗ್? ದೀದಿ, ರಂಗ್?" ಎಂದಳು. ಏನು ಬಣ್ಣ ಎಂದು ಕೇಳಿದಳು. ಗಂಡೋ ಹೆಣ್ಣೋ ಎಂದು ಕೇಳಲಿಲ್ಲ.

ಸುಳ್ಳು ಹೇಳಲು ಮನಸ್ಸು ಬರಲಿಲ್ಲ, ನಿಜ ಹೇಳಲು ಧೈರ್ಯ ಬರಲಿಲ್ಲ. ಅವಳ ಹಣೆಯ ಮೇಲೆ ಕೈಯಿಟ್ಟು ಮಗುವಿನ ಕಡೆಗೇ ನೋಡುತ್ತ ನಿಂತೆ. ಡಾಕ್ಟರು ಅಂಗಾಲಿಗೆ ಬೆರಳಿನಿಂದ ಹೊಡೆದರು. ಇನ್ನೊಮ್ಮೆ ಹೊಡೆದರು. ಮಗು ಮುಖ ಕಿವುಚಿತು, ಕೆಮ್ಮಿದ ಹಾಗೆ ಮಾಡಿತು, ಆಮೇಲೆ ಕೋಣೆ ಹಾರಿಹೋಗುವ ಹಾಗೆ ಕಿರುಚಿತು. ಎದೆಯಿಂದ ಬಣ್ಣ ಹತ್ತಿತು. ಹೊಟ್ಟೆಗೆ ಬಂತು, ಕೆನ್ನೆಗೆ ಬಂತು, ಕೈಗೆ ಬಂತು. ನಾನು ಮೂವತ್ತಾರು ವರ್ಷ ಕಂಡ ಬಣ್ಣಗಳಲ್ಲೆಲ್ಲ ಅಂಥ ಚೆಲುವಾದದ್ದು ಇನ್ನೊಂದಿಲ್ಲ.

"ರಂಗ್?" ಎಂದಳು ಮತ್ತೆ.

ಮಾತು ನಾಲಿಗೆಯ ತುದಿಗೆ ಬಂದು, ಎರಡು ತಿಂಗಳ ಅಭ್ಯಾಸಕ್ಕೆ ಅಲ್ಲೇ ನಿಂತಿತು. ಗುಲಾಬಿ ಎನ್ನಲೇ, ಚೆನ್ನಾಗಿದೆ ಎಂದಷ್ಟೇ ಹೇಳಲೇ? ಅವಳು ಕೇಳಿದ್ದು ಬಣ್ಣ, ಮತ್ತು ಅದಕ್ಕೆ ಇರುವ ಹೆಸರು ಒಂದೇ.

"ಕೆಂಪು" ಎಂದೆ. "ಕೆಂಪಗೈತವ್ವ ನಿನ್ನ ಮಗಳು. ಮೈಯೆಲ್ಲ ಕೆಂಪು."

ಹೇಳಿದ ಮೇಲೆ ನನ್ನ ಕಣ್ಣೀರು ಅವಳ ಹಣೆಯ ಮೇಲೇ ಬಿತ್ತು. ಅವಳು ಒಂದು ಗಳಿಗೆ ನನ್ನ ಮುಖವನ್ನೇ ಹುಡುಕಿದಳು, ನಾನು ಹೆದರಿದ್ದೇನೆಯೇ ಎಂದು ನೋಡಿದಳೋ ಏನೋ. ಡಾಕ್ಟರು ಮಗುವನ್ನು ತಂದು ಅವಳ ಎದೆಯ ಮೇಲೆ ಮಲಗಿಸಿದರು. ಇನ್ನೂ ಒರೆಸಿರಲಿಲ್ಲ, ತಲೆಗೆ ಬೆನ್ನಿಗೆ ರಕ್ತ ಮೆತ್ತಿಕೊಂಡೇ ಇತ್ತು, ಅವಳ ಬೆರಳಿಗೂ ತಾಗಿತು. ರೂಪಾಲಿ ಕೈ ಹಿಂದೆ ತೆಗೆಯಲಿಲ್ಲ. ಕಿರುಚುತ್ತಿದ್ದ ಮಗುವಿನ ಪಾದವನ್ನು ಹಿಡಿದು, ಎತ್ತಿ, ಅಂಗಾಲಿಗೆ ಕೊನೆಯದಾಗಿ ಬಣ್ಣ ಏರುವುದನ್ನು ಕಣ್ಣು ಮಿಟುಕಿಸದೆ ನೋಡಿದಳು.

"ಕೆಂಪು" ಎಂದಳು, ಕನ್ನಡದಲ್ಲೇ, ನನಗೆ ಪಾಠ ಒಪ್ಪಿಸುವ ಹಾಗೆ. ಆಮೇಲೆ ಉಸಿರು ಬಿಟ್ಟು, ತನಗೆ ತಾನೇ ಹೇಳಿಕೊಂಡಳು, "ಒಳ್ಳೇ ಕೆಂಪು."